ಸ್ವಿಚ್ ಹಾಕಿದ ಕೈ

"ಸ್ವಿಚ್ ನೀವೇ ಹಾಕಿ, ಅಮ್ಮ," ಎಂದಳು ಕಂಪ್ಯೂಟರ್ ರಿಪೇರಿಗೆ ತುಮಕೂರಿನಿಂದ ಬಂದಿದ್ದ ಹುಡುಗಿ. ನಾನು ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದೆ.

ಆಗ ಎಂಬತ್ತರ ದಶಕದ ಕೊನೆ. ಮಧುಗಿರಿಯ ಕಚೇರಿಯೊಂದರಲ್ಲಿ ನಾನು ಕಸ ಗುಡಿಸುತ್ತಿದ್ದೆ. ಕಂಪ್ಯೂಟರಿನೊಳಗೆ ಹೊಸದೊಂದು ಸರ್ಕ್ಯೂಟ್ ಕಾರ್ಡ್ ಹಾಕಿಸಿ ಪೂಜೆ ಮಾಡಿದ ದಿನದಿಂದ ಅದರ ಡಿಸ್ಕ್ ನಡುನಡುವೆ ನಿಂತುಬಿಡುತ್ತಿತ್ತು. ವಿಧವೆಯಾದ ನಾನು ಪೂಜೆಯ ಹೊತ್ತಿಗೆ ಎದುರಾದದ್ದೇ ಕಾರಣವೆಂದು ಗುಮಾಸ್ತರು ಹೇಳಿದ್ದರು. ನನ್ನ ಕೆಲಸ ಹೋಗುವುದರಲ್ಲಿತ್ತು.

ಹುಡುಗಿ ಪೆಟ್ಟಿಗೆ ಬಿಚ್ಚಿ ನೋಡಿ ನಕ್ಕಿದ್ದಳು. "ಡಿಸ್ಕಿನ ಕಾರ್ಡೂ ಹೊಸ ಕಾರ್ಡೂ ಒಂದೇ ಇಂಟರಪ್ಟ್ ಲೈನಲ್ಲಿ, ಅಂದ್ರೆ ಯಂತ್ರಾನ ಕರೆಯೋ ಒಂದೇ ತಂತೀಲಿ, ಕೂಗ್ತಾವೆ ಸಾರ್. ಕೂಗಿದ್ದು ಯಾರು ಅಂತ ಯಂತ್ರಕ್ಕೆ ಹೆಂಗೆ ಗೊತ್ತಾಗ್ಬೇಕು? ಅದಕ್ಕೆ ಈಯಮ್ಮನ್ನ ಯಾಕೆ ಬೈತೀರಾ?" ಎಂದು ಹೊಸ ಕಾರ್ಡಿನ ಪುಟ್ಟ ಕ್ಲಿಪ್ಪೊಂದನ್ನು ಕಿತ್ತು ಪಕ್ಕದ ಬೇರೆ ಲೈನಿಗೆ ಸಿಕ್ಕಿಸಿದ್ದಳು.

ಗುಮಾಸ್ತರು ತಲೆ ಕೆರೆದುಕೊಂಡರು. "ಹಾಕ್ಬುಡಮ್ಮ, ಇನ್ನೇನು!" ನಾನು ಸ್ವಿಚ್ ಒತ್ತಿದೆ. ಡಿಸ್ಕ್ ಗುಂಯ್‌ಗುಟ್ಟಿತು, ಪರದೆಯ ಮೇಲೆ ಅಕ್ಷರಗಳು ಮೂಡಿದವು. ಸಂಜೆಯವರೆಗೂ ಅದು ನಿಲ್ಲಲಿಲ್ಲ.

ಮೊಮ್ಮಕ್ಕಳೇ, ಮುಂದೆ ನಿಮ್ಮ ಅಮ್ಮನ ಮದುವೆಯಲ್ಲಿ ದೀಪ ಹಚ್ಚಲು ಎಲ್ಲರೂ ಮುತ್ತೈದೆಯನ್ನು ಹುಡುಕುತ್ತಿದ್ದಾಗ, ನಾನೇ ಮುಂದೆ ಹೋಗಿ ಹಚ್ಚಿದೆ.