ಸಂಕಲ್ಪದ ಪುಟದಲ್ಲಿ ಅಕ್ಕನ ಹೆಸರು

ನನಗೆ ಜಂಭ ಬಂದಿದೆ ಎಂದು ನಮ್ಮ ಬೀದಿಯಲ್ಲಿ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಬೆಳಗ್ಗೆ ಎದ್ದರೆ ನಲ್ಲಿಯಲ್ಲಿ ನೀರು ಬರುತ್ತದೆ, ಹಾಲು ಒಡೆದಿರುವುದಿಲ್ಲ, ಮಂಡಿನೋವು ಮೆಟ್ಟಿಲು ಹತ್ತುವಷ್ಟು ಬಿಟ್ಟುಕೊಟ್ಟಿದೆ. ಇಷ್ಟು ಕೊಟ್ಟಿರುವ ದೇವರ ಮುಂದೆ ತಲೆ ಬಾಗಿಸುತ್ತೇನೆ. ಬೇರೆಯವರ ಮುಂದೆ ಬಾಗಿಸಲು ಕಾರಣ ಬೇಕು.

ನಮ್ಮ ಬೀದಿಯ ಈಶ್ವರನ ಗುಡಿ ಬೇಲೂರು ಹಳೇಬೀಡಿನ ಗುಡಿಗಳ ಹಾಗೆ ಜನ ಬಸ್ಸು ಮಾಡಿಕೊಂಡು ಬಂದು ನೋಡುವಂಥದ್ದಲ್ಲ. ಅರಸೀಕೆರೆಯಲ್ಲೇ ಎಷ್ಟೋ ಜನಕ್ಕೆ ಅದು ಎಲ್ಲಿದೆ ಎಂದು ಗೊತ್ತಿಲ್ಲ. ಆದರೂ ಅದಕ್ಕೊಂದು ವೆಬ್‌ಸೈಟ್ ಇದೆ. ಕಾರ್ತಿಕ ಮಾಸದಲ್ಲಿ ಒಂದೊಂದು ಸಂಜೆಯ ದೀಪದ ಸೇವೆ ಒಂದೊಂದು ಮನೆಯದು. ಆ ಮನೆಯ ಯಜಮಾನನ ಹೆಸರು, ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡುತ್ತಾರೆ. ಮೊದಲ ಮಂಗಳಾರತಿಯೂ ಅವನಿಗೇ. ಪೂಜೆ ಮಾಡುವ ಅಯ್ನೋರಿಗೆ ವಯಸ್ಸಾಗಿರುವುದರಿಂದ ಹೆಸರುಗಳು ನೆನಪಿರುವುದಿಲ್ಲ. ಎಡಗೈಯಲ್ಲಿ ಮೊಬೈಲು ಹಿಡಿದು, ವೆಬ್‌ಸೈಟಿನ ಸಂಕಲ್ಪದ ಪುಟ ತೆರೆದು ಓದುತ್ತಾರೆ.

ಕಡೇ ಸೋಮವಾರ ನಮ್ಮಕ್ಕನ ಮನೆಯದು. ಅವಳ ಮಾವನ ಕಾಲದಿಂದ ಬಂದದ್ದು. ಅಕ್ಕನನ್ನೂ ನನ್ನನ್ನೂ ತವರು ಕಣಕಟ್ಟೆಯಿಂದ ಒಂದೇ ಬೀದಿಗೆ ಮದುವೆ ಮಾಡಿ ಕಳಿಸಿದ್ದರು. ಅದೂ ಒಂದು ದಯೆ. ಭಾವ ತೀರಿಹೋದ ಮೇಲೆ ಬಂದ ಮೊದಲ ಕಾರ್ತಿಕದಲ್ಲಿ, ಅಕ್ಕ ಎಂದಿನಂತೆ ಬತ್ತಿ ಹೊಸೆದು, ಎಣ್ಣೆ ತಂದು, ಗುಡಿಯ ಕಂಬದ ಪಕ್ಕ ನಿಂತಿದ್ದಳು. ಅಯ್ನೋರು ಮೊಬೈಲು ನೋಡಿ ಭಾವನ ಹೆಸರು ಓದಿದರು. ಓದಿ, ಅವರಿಗೆ ಆಯಸ್ಸು, ಆರೋಗ್ಯ, ಐಶ್ವರ್ಯ ಕೊಡು ಎಂದು ಈಶ್ವರನನ್ನು ಬೇಡಿಕೊಂಡರು.

ಅಕ್ಕ ದೀಪಗಳನ್ನೆಲ್ಲ ಹಚ್ಚಿ ಮುಗಿಸಿದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅಂದಳು: "ಅವರಿಗೆ ಆಯಸ್ಸು ಕೇಳಿದ್ರು ಕಣೇ."

ಗುಡಿಯ ಪಟ್ಟಿಯಲ್ಲಿ ಭಾವನ ಹೆಸರನ್ನು ಯಾವಾಗಲೋ ತೆಗೆದಿದ್ದರಂತೆ. ಆದರೆ ವೆಬ್‌ಸೈಟು ಮಾಡಿಕೊಟ್ಟ ಹಾಸನದವನು ಹೆಸರುಗಳನ್ನು ಪುಟದೊಳಗೇ ಗೋಡೆಯ ಮೇಲೆ ಬರೆದ ಹಾಗೆ ಬರೆದುಬಿಟ್ಟಿದ್ದ. ಹಿಂದೆ ಏನು ಬದಲಾದರೂ ಮುಂದೆ ಕಾಣುವುದು ಅದೇ. ನಾನು ಮದುವೆಗೆ ಮುಂಚೆ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದವಳು. ಮರೆತದ್ದನ್ನು ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ವಿಡಿಯೋ ನೋಡಿ ಮತ್ತೆ ಕಲಿತೆ. ಆಮೇಲೆ ಗುಡಿಯ ಕಾರ್ಯದರ್ಶಿಯ ಹತ್ತಿರ ಹೋಗಿ, ಇನ್ನು ಮೇಲೆ ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ನಿವೃತ್ತ ಮೇಷ್ಟ್ರು, ನಮ್ಮೆಜಮಾನರಿಗೆ ದೂರದ ಅಣ್ಣನೂ ಹೌದು. ಪುಕ್ಕಟೆ ಎಂದಾಗ ಒಪ್ಪಿದರು.

ಕೆಲಸ ದೊಡ್ಡದಲ್ಲ. ಕಂಪ್ಯೂಟರಿಗೆ ಬರೆದುಕೊಡುವ ಸೂಚನೆ, ಅಂದರೆ ಹಿಂದೆ ನಡೆಯುವ ಕೋಡು, ಅಡುಗೆಮನೆ ಇದ್ದ ಹಾಗೆ. ಜನ ನೋಡುವ ಪುಟ ಹಾಸಿದ ಎಲೆ. ಒಳಗೆ ಹತ್ತು ಬಗೆ ಬೇಯುತ್ತಿರಬಹುದು, ಆದರೆ ಬಡಿಸುವವರು ಕೈಯಲ್ಲಿ ಹಿಡಿದು ಹೊರಗೆ ತಂದದ್ದು ಮಾತ್ರ ಎಲೆಗೆ ಬೀಳುತ್ತದೆ. ನಾನು ಪುಟದಲ್ಲಿದ್ದ ಹೆಸರುಗಳನ್ನೆಲ್ಲ ಅಳಿಸಿ, ಅಲ್ಲಲ್ಲಿ ಖಾಲಿ ಜಾಗ ಬಿಟ್ಟು, ಪ್ರತಿ ಜಾಗಕ್ಕೂ ಒಂದು ಗುರುತಿನ ಹೆಸರು ಕೊಟ್ಟೆ. ಕೋಡು ಆ ದಿನದ ಹೆಸರು, ಗೋತ್ರ, ನಕ್ಷತ್ರವನ್ನು ಅದೇ ಗುರುತು ಹಚ್ಚಿ ಕಳಿಸಬೇಕು. ಎರಡೂ ಕಡೆ ಗುರುತು ಒಂದೇ ಇದ್ದರೆ ಸರಿಯಾಗಿ ಬಂದು ಕೂರುತ್ತದೆ. ಬೇರೆಯಾದರೆ ಪುಟ ಜಗಳವಾಡುವುದಿಲ್ಲ, ಗದ್ದಲ ಮಾಡುವುದಿಲ್ಲ. ಸುಮ್ಮನೆ ಆ ಜಾಗ ಖಾಲಿ ಬಿಡುತ್ತದೆ. ಎಲೆಯಲ್ಲಿ ಪಲ್ಯ ಬಾರದಿದ್ದರೂ ಕೇಳದೆ ಉಣ್ಣುವ ನೆಂಟರ ಹಾಗೆ.

ಹಳೆಯ ಪುಟದಲ್ಲಿ ಪ್ರತಿ ಹೆಸರಿನ ಹಿಂದೆ 'ಯಜಮಾನ' ಎಂದಿತ್ತು. ನಾನು ಹೆಸರಿನ ಜಾಗಕ್ಕೆ ಪುಟದಲ್ಲೂ ಕೋಡಿನಲ್ಲೂ 'ಸೇವೆ ಮಾಡಿಸುವವರು' ಎಂದು ಗುರುತು ಕೊಟ್ಟೆ. ಕಡೇ ಸೋಮವಾರಕ್ಕೆ ಅಕ್ಕನ ಹೆಸರು ಹಾಕಿದೆ.

ಮರುವರ್ಷದ ಕಾರ್ತಿಕ ಹತ್ತಿರ ಬಂದಾಗ ಕಾರ್ಯದರ್ಶಿ ಗುಡಿಯ ಜಗಲಿಯ ಮೇಲೆ ಕೂತು ನನ್ನನ್ನು ಕರೆಸಿದರು.

"ಏನಮ್ಮಾ ಇದು? ಕಡೇ ಸೋಮವಾರಕ್ಕೆ ನಿಮ್ಮಕ್ಕನ ಹೆಸರು ಐತೆ?"

"ಅವಳ ಮನೆ ಸೇವೆ ಅಲ್ವಾ ಅಣ್ಣಾರೆ."

"ಮನೆ ಸೇವೆ ಸರಿ. ಯಜಮಾನ ಇಲ್ದೇ ಇದ್ಮೇಲೆ ಅವ್ನ ತಮ್ಮನ ಹೆಸರು ಬರ್ಬೇಕು. ನಡ್ಕಂಡ್ ಬಂದಿರೋದು ಹಂಗೆ."

"ತಮ್ಮ ಹಗರೆಯಲ್ಲಿ ಹಸು ಕಟ್ಕೊಂಡು ಅವ್ರೆ. ಈ ಗುಡಿ ಬಾಗಿಲು ಯಾವ ಕಡೆಗೈತೆ ಅಂತ ಕೇಳಿ ನೋಡಿ, ಹೇಳ್ತಾರಾ?"

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಾರ್ಯದರ್ಶಿಗೆ ಅದು ಕಂಡಿತು.

"ನಗೋ ಮಾತಲ್ಲ ಕಣಮ್ಮ. ಗಂಡ ಇಲ್ದೋಳ ಹೆಸರಲ್ಲಿ ದೀಪದ ಸಂಕಲ್ಪ ಎಲ್ಲಾದ್ರೂ ಉಂಟಾ? ನಾಲ್ಕು ಜನ ಏನಂತಾರೆ?"

"ಹೋದ್ಸಲ ಸತ್ತೋರಿಗೆ ಆಯಸ್ಸು ಕೇಳಿದ್ರಲ್ಲ, ಆವಾಗ ನಾಲ್ಕು ಜನ ಏನಂದ್ರು?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಸಿಟ್ಟು ಬಂದಾಗ ಅವರು ಮಾಡುವುದೇ ಹಾಗೆ. "ಹಾಸನದೋನಿಗೇ ವಾಪಸ್ ಕೊಟ್ಬಿಡ್ತೀನಿ ನೋಡು."

"ಕೊಡಿ ಅಣ್ಣಾರೆ. ನಾನಾಗಿ ಮಾತ್ರ ಆ ಹೆಸರು ತೆಗಿಯಲ್ಲ."

ಮನೆಗೆ ಬಂದು ನಮ್ಮೆಜಮಾನರಿಗೆ ಹೇಳಿದೆ. ಅವರು ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ. "ದೊಡ್ಡೋರ ಹತ್ರ ಸ್ವಲ್ಪ ನಿಧಾನ" ಎಂದರು. "ನಿಧಾನವಾಗೇ ಹೇಳಿದೆ" ಎಂದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಬೇಡ ಎನ್ನಲಿಲ್ಲವಲ್ಲ, ಅಷ್ಟು ಸಾಕು.

ಅಕ್ಕನಿಗೂ ಭಯವಿತ್ತು. "ನನ್ನಿಂದ ನಿಂಗ್ಯಾಕೆ ರಗಳೆ, ಬಿಡೇ" ಎಂದಳು. ಆದರೆ ಬಿಡೇ ಎನ್ನುವಾಗಲೂ ಬತ್ತಿ ಹೊಸೆಯುತ್ತಲೇ ಇದ್ದಳು. ನಾನು ಅವಳ ಬಾಯಿಯ ಮಾತು ಕೇಳಲಿಲ್ಲ.

ಕಡೇ ಸೋಮವಾರ ಬಂತು. ಕರೆಂಟು ಹೋಗಲಿಲ್ಲ, ಗಾಳಿಗೆ ದೀಪಗಳೂ ಆರಲಿಲ್ಲ. ಅಯ್ನೋರು ಬಲಗೈಯಲ್ಲಿ ಅಕ್ಷತೆ, ನೀರು ಹಿಡಿದು, ಎಡಗೈಯ ಮೊಬೈಲು ನೋಡುತ್ತ ಸಂಕಲ್ಪ ಶುರು ಮಾಡಿದರು. ಮಾಸ ಹೇಳಿದರು, ಪಕ್ಷ, ತಿಥಿ, ವಾರ ಹೇಳಿದರು, ಗೋತ್ರ ಹೇಳಿದರು. ನಕ್ಷತ್ರ ಹೇಳಿದರು, ಅದು ಅಕ್ಕನದೇ. ಹೆಸರಿನ ಜಾಗಕ್ಕೆ ಬಂದು ನಿಂತುಬಿಟ್ಟರು. ಮೊಬೈಲು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೆಸರೇ ಇಲ್ವಲ್ರೀ ಇಲ್ಲಿ" ಎಂದರು.

ನನಗೆ ಅರ್ಥವಾಯಿತು. ಕಾರ್ಯದರ್ಶಿ ಅವತ್ತೇ ಹಾಸನದವನಿಗೆ ಫೋನು ಮಾಡಿ ಪುಟದಲ್ಲಿ ಮತ್ತೆ 'ಯಜಮಾನ' ಎಂದು ಬರೆಸಿದ್ದರು. ಯಜಮಾನ ಎಂದು ಬರೆದರೆ ಯಜಮಾನನ ಹೆಸರು ತಾನಾಗಿ ಬರುತ್ತದೆ ಎಂದು ನಂಬಿದ್ದರು. ಅವರ ಮಟ್ಟಿಗೆ ಮನೆ ಎಂದರೆ ಒಳಗೊಬ್ಬ ಯಜಮಾನ ಇದ್ದೇ ಇರಬೇಕು. ಕೋಡಿನ ತಂಟೆಗೆ ಯಾರೂ ಹೋಗಿರಲಿಲ್ಲ. ಅದು ನಾನು ಹೇಳಿದ ಹಾಗೆ 'ಸೇವೆ ಮಾಡಿಸುವವರು' ಎಂದು ಗುರುತು ಹಚ್ಚಿ ಅಕ್ಕನ ಹೆಸರನ್ನೇ ಕಳಿಸುತ್ತಿತ್ತು. ಪುಟ ಬೇರೆ ಗುರುತಿಗಾಗಿ ಕಾದು, ಸಿಗದೆ, ಸುಮ್ಮನಾಗಿತ್ತು.

ಕಾರ್ಯದರ್ಶಿ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ಅಕ್ಕನ ಹಗರೆಯ ಮೈದುನನ ಹೆಸರು ಅವರ ನಾಲಗೆಯ ತುದಿಯಲ್ಲಿತ್ತು. ನಾನು ಬಾಯಿ ತೆರೆಯುವ ಮುಂಚೆ ಕಂಬದ ಪಕ್ಕದಿಂದ ಅಕ್ಕ ಈಚೆ ಬಂದಳು. ಕೈಮುಗಿದುಕೊಂಡೇ, ಅಯ್ನೋರಿಗಲ್ಲ, ಒಳಗೆ ಲಿಂಗದ ಕಡೆ ನೋಡಿ ತನ್ನ ಹೆಸರು ಹೇಳಿದಳು. ಆಮೇಲೆ ಅಯ್ನೋರ ಕಡೆ ತಿರುಗಿ, "ಸೇವೆ ನಂದು ಅಯ್ನೋರೇ. ಹೇಳಿ" ಎಂದಳು.

ಅಯ್ನೋರು ಕಾರ್ಯದರ್ಶಿಯ ಮುಖ ನೋಡಿದರು. ಕೈಯಲ್ಲಿ ನೀರು ಉಳಿದಿದ್ದು ಸ್ವಲ್ಪವೇ. ಅಕ್ಕನ ಹೆಸರು ಹೇಳಿ ಅದನ್ನು ಬಿಟ್ಟರು.

ಮಂಗಳಾರತಿ ಅವಳಿಗೇ ಮೊದಲು ಬಂತು. ಹಿಂದೆ ನಿಂತಿದ್ದ ಯಾರೋ ಒಬ್ಬರು ನಾಲಗೆಯಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಅಕ್ಕ ನಿಧಾನವಾಗಿ, ಎರಡು ಸಲ, ಕಣ್ಣಿಗೆ ಒತ್ತಿಕೊಂಡಳು.

ಮಾರನೆಯ ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು, ಪುಟದ ಗುರುತನ್ನು ಮತ್ತೆ ಸರಿಮಾಡಿದೆ. ಹಾಸನದವನಿಗೆ ಗೊತ್ತಿದ್ದ ಪಾಸ್‌ವರ್ಡ್ ಬದಲಾಯಿಸಿದೆ. ಕಾರ್ಯದರ್ಶಿಗೂ ಹೋಗಿ ಹೇಳಿದೆ. ಕದ್ದು ಮಾಡುವ ಕೆಲಸವೇನಲ್ಲವಲ್ಲ.

"ಮುಂದಿನ ವರ್ಷ ಕಮಿಟಿ ತೀರ್ಮಾನ ಮಾಡ್ತದೆ" ಎಂದರು.

"ಮಾಡ್ಲಿ ಅಣ್ಣಾರೆ. ಆವತ್ತೂ ಅಕ್ಕ ಅಲ್ಲೇ ನಿಂತಿರ್ತಾಳೆ."