ಕಮಲಮ್ಮನವರ ಭೋಗ್ಯದ ಮನೆ

ಹೊಸ ಸುಣ್ಣದ ವಾಸನೆ ಮೂಗಿಗೆ ಬಿದ್ದರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಯಾರದೋ ಮನೆ ಖಾಲಿಯಾಗಿದೆ, ಇನ್ಯಾರೋ ಬರುವವರಿದ್ದಾರೆ ಎಂದು ಅರ್ಥ. ಇವತ್ತು ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹಾಗೆ ನಿಂತಾಗ ನೋಡುತ್ತೇನೆ, ಸುಣ್ಣ ಬಳಿಯುತ್ತಿದ್ದದ್ದು ಕಮಲಮ್ಮನವರ ಮನೆಗೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಮಗಳು ಈಗ ಮನೆಯನ್ನು ಮಾರುತ್ತಿದ್ದಾಳಂತೆ. ಬಾಗಿಲಲ್ಲಿ ನಿಂತಿದ್ದ ಬ್ರೋಕರ್ ನನಗೆ ಪರಿಚಯದವನೇ, ಕೇಳದೆಯೇ ಬೆಲೆ ಹೇಳಿದ. ನಾನು ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. "ಇದೇ ಮನೆ ನಿಮಗೆ ಅರ್ಧ ರೇಟಿಗೆ ಬಂದಿತ್ತಂತಲ್ಲ ಸಾರ್, ಬಿಟ್‌ಬಿಟ್ರಂತೆ?" ಎಂದು ನಕ್ಕ. ಬಿಟ್ಟದ್ದು ನಿಜ. ಯಾಕೆ ಬಿಟ್ಟೆ ಎಂಬುದನ್ನು ಬೀದಿಯಲ್ಲಿ ನಿಂತು ಹೇಳುವುದಕ್ಕಾಗುವುದಿಲ್ಲ. ನಿಮಗಾದರೆ ಹೇಳಬಹುದು, ನೀವು ಹೇಗೂ ಪುರುಸೊತ್ತಾಗಿ ಕೂತಿದ್ದೀರಿ.

ಮನೆ ನೋಡುವುದರಲ್ಲಿ ನಾನು ಗಟ್ಟಿಗ ಎಂದು ನಮ್ಮ ಕಡೆ ಒಂದು ಹೆಸರಿದೆ. ಬಾಡಿಗೆಗೆ ಬರುವವರು, ಕೊಳ್ಳುವವರು, ಭೋಗ್ಯಕ್ಕೆ ಹಾಕಿಕೊಳ್ಳುವವರು ಎಲ್ಲರೂ ನನ್ನನ್ನು ಜೊತೆಗೆ ಕರೆದೊಯ್ದು, ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳುತ್ತಾರೆ, "ನಮ್ಮ ಸಂಬಳಕ್ಕೆ ಈ ಮನೆ ಆಗುತ್ತಾ?" ಆಗುತ್ತೋ ಇಲ್ಲವೋ ಎಂಬುದನ್ನು ನಾನು ಮುಖ ನೋಡದೆ ಹೇಳಿಬಿಡುತ್ತೇನೆ. ಇದುವರೆಗೆ ತಪ್ಪಿಲ್ಲ. ತಪ್ಪಿದ್ದು ಒಂದೇ ಸಲ, ಅದೂ ನನ್ನ ಸ್ವಂತ ಮನೆಯ ವಿಷಯದಲ್ಲಿ. ಇನ್ನೊಬ್ಬರ ವಿಷಯದಲ್ಲಿ ತಪ್ಪಿದ್ದರೆ ಊರಿನವರು ಇಷ್ಟು ಹೊತ್ತಿಗೆ ನನ್ನ ಹೆಸರನ್ನೇ ಬಿಟ್ಟಿರುತ್ತಿದ್ದರು.

ನಾನು ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ. ಅಪ್ಪನಿಗೆ ಗಣಿಯಲ್ಲಿ ಕೆಲಸ, ಕೆಲಸದ ಜೊತೆಗೇ ಮನೆ. ಒಂದು ಕೋಣೆ, ಮುಂದೊಂದು ತಡಿಕೆ ಕಟ್ಟಿದ ಜಗಲಿ. ಬಾಡಿಗೆ ಎಂದು ಸಂಬಳದಲ್ಲಿ ಹಿಡಿಯುತ್ತಿದ್ದದ್ದು ಎಷ್ಟೆಂದು ಅಪ್ಪನಿಗೇ ನೆನಪಿರುತ್ತಿರಲಿಲ್ಲ. ಹಾಗಾಗಿ ಲೈನಿನ ಮಕ್ಕಳಾದ ನಮಗೆಲ್ಲ ಒಂದು ದೊಡ್ಡ ರೋಗವಿತ್ತು: ಮನೆ ಎಂಬುದಕ್ಕೂ ದುಡ್ಡು ಬೇಕು ಎಂದು ನಮ್ಮ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ಬಂಗಾರಪೇಟೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕು, ಕಾಮಸಮುದ್ರದ ಜಯಾಳನ್ನು ಮದುವೆಯಾಗಿ, ಅವಳು ಬಸುರಿಯೂ ಆದ ಮೇಲೆ ನನಗೆ ಮನೆ ಹುಡುಕುವ ಜ್ಞಾನೋದಯವಾಯಿತು.

ಆಗ ಬಂದವಳು ನಾರಾಯಣಮ್ಮತ್ತೆ, ಅಪ್ಪನ ಅಕ್ಕ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಿಂದ ದಿನಾ ಮೊದಲನೇ ಬಸ್ಸಿಗೆ ಹಾಲು, ಹುರುಳೀಕಾಯಿ, ಬದನೆಕಾಯಿ ಹೊತ್ತುಕೊಂಡು ಬಂದು ಲೈನುಗಳಲ್ಲೂ, ಉಳಿದದ್ದನ್ನು ಬಂಗಾರಪೇಟೆಯಲ್ಲೂ ಮಾರುತ್ತಿದ್ದಳು. ಹಾಲು ಕೊಡುವವಳಿಗೆ ಎಲ್ಲರ ಮನೆಯ ಅಡುಗೆಕೋಣೆಯ ಗುಟ್ಟೂ ಗೊತ್ತು. ಮನೆ ನೋಡಲು ಅವಳದೊಂದು ಕ್ರಮವಿತ್ತು, ನಾನು ಬೇರೆಲ್ಲೂ ಕಾಣದ್ದು. ಖಾಲಿ ಮನೆಯ ಬೀಗ ತೆಗೆಸಿ, ಮೂರು ಕಲ್ಲು ಹೂಡಿ, ಒಂದು ಹೊತ್ತಿನ ಮುದ್ದೆ ಬೇಯಿಸುತ್ತಿದ್ದಳು. ಹಿಟ್ಟು, ಪಾತ್ರೆ, ಹಿಟ್ಟಿನ ಕೋಲು ಅವಳ ಬುಟ್ಟಿಯಲ್ಲೇ ಇರುತ್ತಿದ್ದವು. ನೀರು, ಸೌದೆ, ಉಪ್ಪು ಮಾತ್ರ ಆ ಬೀದಿಯಲ್ಲೇ ಹುಟ್ಟಬೇಕು.

"ಎಲ್ರೂ ಮನೆ ಸೇರ್ಕಂಡ್ ಮ್ಯಾಲೆ ಆಲು ಉಕ್ಕಿಸ್ತಾರೆ. ನಾನು ಸೇರೋಕ್ ಮುಂಚೆ ಮುದ್ದೆ ತಿರುವ್ತೀನಿ" ಎನ್ನುತ್ತಿದ್ದಳು. "ಬಾಡಿಗೆ ಎಷ್ಟು ಅಂತ ಮನೆಯೋರು ಏಳ್ತಾರೆ. ಆ ಮನೇಲಿ ಒಂದಿನ ಬದುಕೋಕೆ ಎಷ್ಟು ಅಂತ ಒಲೆ ಏಳ್ತದೆ ಕಣ್ಲಾ."

ನಾನು ಮೊದಲು ಆರಿಸಿದ್ದು ಒಂದು ತಾರಸಿ ಮನೆ. ಬಾಡಿಗೆ ನನ್ನ ಸಂಬಳದ ಮೂರನೇ ಒಂದು ಪಾಲು. ಕಾಗದದ ಮೇಲೆ ಅಚ್ಚುಕಟ್ಟಾಗಿ ಲೆಕ್ಕ ಬರೆದು ಅತ್ತೆಗೆ ಓದಿ ಹೇಳಿದೆ. ಅವಳು ಬಿಂದಿಗೆ ಹಿಡಿದು ನೀರಿಗೆ ಹೋದವಳು ಅರ್ಧ ಗಂಟೆಯಾದರೂ ಬರಲಿಲ್ಲ. ನಲ್ಲಿ ಎರಡು ಬೀದಿಯಾಚೆ ಇತ್ತು, ಅದರಲ್ಲೂ ನೀರು ಬರುವುದು ನಾನು ಆಫೀಸಿನಲ್ಲಿರುವ ಹೊತ್ತಿನಲ್ಲಿ. ತುಂಬಿದ ಬಸುರಿ ನೀರು ಹೊರುವಂತಿಲ್ಲ, ದಿನಾ ಬಿಂದಿಗೆಗೆ ಇಷ್ಟು ಎಂದು ಕೊಟ್ಟು ಹೊರಿಸಬೇಕು. ಸೌದೆ ಡಿಪೋ ಇನ್ನೂ ದೂರ. ಮುದ್ದೆ ಬೇಯುವಷ್ಟರಲ್ಲಿ ನನ್ನ ಮೂರನೇ ಒಂದು ಪಾಲು ಹೆಚ್ಚುಕಮ್ಮಿ ಅರ್ಧವಾಗಿತ್ತು. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಎರಡನೆಯದೇ ಕಮಲಮ್ಮನವರ ಹೆಂಚಿನ ಮನೆ. ಬೀದಿಗೆ ಬಾಗಿಲಿರುವ ದೊಡ್ಡ ಪಡಸಾಲೆ, ಒಂದು ಕೋಣೆ, ಅಡುಗೆಮನೆ. ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕದ ಒಂಟಿ ಕೋಣೆಯಲ್ಲಿ ಅವರು ಮತ್ತು ಮಗಳು. ಗಂಡ ಇಲ್ಲ. ಬಾಡಿಗೆ ಬೇಡ, ಭೋಗ್ಯಕ್ಕೆ ಕೊಡುತ್ತೇನೆ ಎಂದರು. ಒಂದು ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟುಬಿಟ್ಟರೆ ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಮೊತ್ತ ಹಾಗೇ ವಾಪಸ್ಸು. ಬಾಡಿಗೆ ಇಲ್ಲ ಎಂಬ ಮಾತು ಕೇಳಿದ್ದೇ ತಡ, ನನ್ನೊಳಗಿನ ಲೈನ್ ಹುಡುಗ ಕುಣಿದಾಡಿದ. ಜಯಾಳ ನಾಲ್ಕು ಬಳೆ ಮಾರಿದರೆ ಮೊತ್ತ ಸರಿಹೋಗುತ್ತಿತ್ತು. ನಮ್ಮ ಆಸ್ತಿ ಎಂದರೆ ಆ ನಾಲ್ಕು ಬಳೆ, ಅಷ್ಟೇ.

ಅತ್ತೆ ಮುದ್ದೆ ಬೇಯಿಸಿದಳು. ಬಾವಿಯ ನೀರು ಸಿಹಿ, ಹೊಗೆ ಹೆಂಚಿನ ಸಂದಿಯಲ್ಲಿ ಸಲೀಸಾಗಿ ಹೋಯಿತು, ಪಕ್ಕದ ಮನೆಯಾಕೆ ಉಪ್ಪಿನ ಜೊತೆ ಬಸ್ಸಾರನ್ನೂ ಕೊಟ್ಟಳು. ನಾನು ಗೆದ್ದವನ ಹಾಗೆ ಕೂತಿದ್ದೆ. ಅತ್ತೆ ಕೋಲು ತಿರುವುತ್ತಲೇ ಕೇಳಿದಳು, "ದುಡ್ಡು ಯಾತಕ್ಕಮ್ಮ ಬೇಕಾಗಿತ್ತು?"

"ಮಗೂಗೆ ಗಂಡು ಗೊತ್ತಾಗೈತಮ್ಮ, ಕುಪ್ಪಂ ಕಡೆ. ಮದುವೆಗೆ" ಎಂದರು ಕಮಲಮ್ಮ.

ಅತ್ತೆ ಮುದ್ದೆ ಇಳಿಸಿ, ಕಲ್ಲು ತೆಗೆದಿಟ್ಟಳು. ಬೀದಿಗೆ ಬಂದ ಮೇಲೆ ಹೇಳಿದಳು, "ಬ್ಯಾಡ ಕಣ್ಲಾ."

"ಮನೆ ಪಾಸಾಯ್ತಲ್ಲತ್ತೆ!"

"ಮನೆ ಪಾಸಾಯ್ತು. ಮದ್ವೇಲಿ ಉಂಡೋರತ್ರ ದುಡ್ಡು ವಾಪಸ್ ಕೇಳೋಕಾಯ್ತದಾ? ನಿಂಗೆ ಈ ಮನೆ ತಡ್ಕಣೋ ಶಕ್ತಿ ಐತೆ. ಆಯಮ್ಮಂಗೆ ನಿನ್ನ ತಡ್ಕಣೋ ಶಕ್ತಿ ಇಲ್ಲ."

ನನಗೆ ಸಿಟ್ಟು ಬಂತು. ಮುದ್ದೆ ಬೇಯಿಸುವವಳಿಗೆ ಭೋಗ್ಯದ ಕಾನೂನು ಏನು ಗೊತ್ತು ಎಂದುಕೊಂಡೆ. ದುಡ್ಡು ವಾಪಸ್ಸು ಬರದಿದ್ದರೆ ಬರುವ ತನಕ ಬಾಡಿಗೆಯಿಲ್ಲದೆ ಇರಬಹುದಲ್ಲ, ನಷ್ಟವೆಲ್ಲಿ? ಬಳೆ ಮಾರಿದೆ. ಜಯಾ ಒಂದು ಮಾತೂ ಆಡಲಿಲ್ಲ. ಅವಳು ಆವತ್ತು ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮೂರು ವರ್ಷ ಸೊಗಸಾಗಿ ಕಳೆಯಿತು, ಒಂದಲ್ಲ ಎರಡು ಮಕ್ಕಳಾದವು. ಅಷ್ಟರಲ್ಲಿ ಊರಂಚಿನಲ್ಲಿ ಸೈಟು ಹಂಚುವ ಸುದ್ದಿ ಬಂತು. ನಮಗೆ ದುಡ್ಡು ಬೇಕಾಯಿತು. ಕಮಲಮ್ಮನವರ ಹತ್ತಿರ ಇರಲಿಲ್ಲ. ನಾನು ಪಡಸಾಲೆಯಲ್ಲಿ ಕೆಮ್ಮಿದರೆ ಅವರು ಹಿತ್ತಲ ಬಾಗಿಲಿಂದ ಹೊರಗೆ ಹೋಗಿಬಿಡುತ್ತಿದ್ದರು. ಸ್ವಂತ ಬಾವಿಯ ನೀರನ್ನು ನಾನು ಆಫೀಸಿಗೆ ಹೋದ ಮೇಲೆ ಸೇದಿಕೊಳ್ಳುತ್ತಿದ್ದರು. ಸೈಟು ಕೈಬಿಟ್ಟು ಹೋಯಿತು. ಒಂದು ಭಾನುವಾರ ಅವರೇ ಬಂದು ಬಾಗಿಲಲ್ಲಿ ನಿಂತು, "ಮನೇನೇ ಬರ್ಕೊಂಡ್‌ಬಿಡಿ ಸ್ವಾಮಿ. ಮೇಲೆ ಸ್ವಲ್ಪ ಏನಾನ ಕೊಡಿ. ನಾನು ಮಗಳತ್ರ ಓಗಿ ಇದ್ಕೋತೀನಿ" ಎಂದರು.

ಸುಳ್ಳು ಹೇಳುವುದಿಲ್ಲ, ನನ್ನ ಎದೆ ಹಿಗ್ಗಿತು. ಭೋಗ್ಯದ ದುಡ್ಡಿಗೆ ಅದನ್ನೂ ಸೇರಿಸಿದರೆ ಮನೆಯ ಬೆಲೆಯ ಅರ್ಧವೂ ಆಗುತ್ತಿರಲಿಲ್ಲ. ಮಾರನೆಯ ದಿನ ಹಾಲು ತಂದ ಅತ್ತೆಗೆ ಲೆಕ್ಕ ಒಪ್ಪಿಸಿದೆ. "ನೋಡಿದ್ಯಾ ಅತ್ತೆ, ಯಾರು ಸರಿ?" ಎಂದೂ ಕೇಳಿದೆ.

"ಮಗಳ ಮನೆ ನೋಡಿದ್ಯೇನ್ಲಾ? ನಾನು ಓಗಿದ್ದೆ. ಒಂದೇ ಅಂಕಣ, ಎಂಟು ಜನ. ಆಯಮ್ಮ ಅಲ್ಲಿ ಎಲ್ಲಿ ಕಾಲು ಚಾಚ್ತಾಳೆ?"

ಅಷ್ಟರಲ್ಲಿ ಒಳಗಿಂದ ಜಯಾ ಬಂದಳು. ಕಿರಿಯದು ಸೊಂಟದ ಮೇಲಿತ್ತು. "ರೀ, ಪಡಸಾಲೆಗೆ ಬೀದಿ ಕಡೆ ಬಾಗಿಲು ಐತಲ್ಲ. ಅದನ್ನ ಬಾಡಿಗೆಗೆ ಬಿಡೋಣ. ಆ ಬಾಡಿಗೆ ತಿಂಗಳು ತಿಂಗಳು ನಮ್ಮ ಭೋಗ್ಯದ ದುಡ್ಡಿಗೆ ಮುರ್ಕೊಳ್ಳೋಣ. ನಾವು ಒಳಗಿನ ಕೋಣೇಲಿ ಇದ್ದರಾಯ್ತು."

"ನಾಲ್ಕು ಜನ, ಒಂದು ಕೋಣೇಲಾ?"

"ನೀವು ಲೈನಲ್ಲಿ ಎಷ್ಟು ಜನ ಇದ್ರಿ?"

ಆರು ಜನ ಇದ್ದೆವು. ಪಡಸಾಲೆಯ ಸಾಮಾನನ್ನು ಒಳಗೆ ಸಾಗಿಸಿದೆ.

ಪಡಸಾಲೆಗೆ ರೈಲ್ವೆ ಕೆಲಸದ ಒಂದು ಸಂಸಾರ ಬಂತು. ನಾಲ್ಕು ವರ್ಷಕ್ಕೂ ಮೇಲೆ ನಾವು ಒಳಗಿನ ಕೋಣೆಯಲ್ಲಿದ್ದೆವು. ಕಮಲಮ್ಮ ಮತ್ತೆ ಬೆಳಗಿನ ಹೊತ್ತಿಗೇ ನೀರು ಸೇದತೊಡಗಿದರು, ನಮ್ಮ ಮಕ್ಕಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರು, ನನ್ನನ್ನು ಸ್ವಾಮಿ ಎನ್ನುವುದು ಬಿಟ್ಟು ಅಣ್ಣಯ್ಯ ಎಂದರು. ಭೋಗ್ಯ ತೀರಿದ ತಿಂಗಳು ಬಾಡಿಗೆ ಮೊದಲ ಸಲ ಅವರ ಕೈಗೆ ಹೋಯಿತು. ಅದನ್ನು ಕಣ್ಣಿಗೊತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು. ಜಯಾಗೆ ಬಳೆ ಮಾಡಿಸಿದೆ, ನಾಲ್ಕಾಗಲಿಲ್ಲ, ಎರಡು, ತೆಳ್ಳಗಿನವು. ಸೈಟು ಬಹಳ ತಡವಾಗಿ, ಬಹಳ ದೂರದಲ್ಲಿ ಸಿಕ್ಕಿತು. ಎರಡು ಕೋಣೆ ಕಟ್ಟಿಸಿದೆವು, ಈಗಲೂ ಅದರಲ್ಲೇ ಇದ್ದೇವೆ.

ಆದರೆ ಒಂದು ಮಾತು ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ಆ ಬೀದಿಯಲ್ಲಿ ಹೋದಾಗಲೆಲ್ಲ ನಾನು ಆ ಮನೆಯ ಆ ದಿನದ ಬೆಲೆಯನ್ನು ಮನಸ್ಸಿನಲ್ಲೇ ಗುಣಿಸಿ, ಹೊಟ್ಟೆ ಉರಿಸಿಕೊಂಡಿದ್ದೇನೆ. ಜಯಾಗೆ ಇದು ಗೊತ್ತಿಲ್ಲ ಎಂದೇ ತಿಳಿದಿದ್ದೆ. ಇವತ್ತು ಚೀಲ ಇಳಿಸಿ, ಬ್ರೋಕರ್ ಹೇಳಿದ ಬೆಲೆಯನ್ನು ಅವಳಿಗೆ ಹೇಳಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದವಳು ಕತ್ತೆತ್ತಲಿಲ್ಲ.

"ಬಿಡಿ ಅತ್ಲಾಗೆ" ಎಂದಳು. "ಅರ್ಧ ಬೆಲೆಗೆ ಬಂದಾಗ್ಲೇ ನಮ್ಮ ಕೈಲಿ ಆಗಲಿಲ್ಲ."

ಮನೆಯ ಬೆಲೆ ತೂಗುವುದರಲ್ಲಿ ಹೆಸರು ಮಾಡಿದವನು ನಾನು; ದುಡ್ಡು ಸಾಲದೆ ಬಿಟ್ಟದ್ದಲ್ಲ ಎಂದು ಇಬ್ಬರಿಗೂ ಗೊತ್ತು. ಅವಳ ಪಕ್ಕ ಕೂತು ಒಂದು ಹಿಡಿ ಬೀನ್ಸು ತೆಗೆದುಕೊಂಡೆ. "ಹೌದು, ಆಗಲಿಲ್ಲ" ಎಂದೆ. ಹಾಗೆ ಹೇಳುವಾಗ ನನಗೆ ಹೊಟ್ಟೆ ಉರಿಯಲಿಲ್ಲ.