ಎಂ ಎ ಎಫ್ ಎಂಬ ಮೂರಕ್ಷರ

ಮೂರು ವರ್ಷದ ಹಿಂದಿನ ಮಾತು. ಜಹೀರಾಬಾದಿನ ಹೈವೇ ಪಕ್ಕದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ನನಗೆ ಅದು ಮೂವತ್ತೊಂದನೆಯ ವರ್ಷ. ಲಾರಿಯ ಡೈನಮೋ ಬಿಚ್ಚುವುದರಿಂದ ಶುರು ಮಾಡಿದವನು ಲ್ಯಾಪ್‌ಟಾಪ್ ಹಿಡಿದು ಬೈಕಿನ ಕಂಪ್ಯೂಟರ್ ಓದುವವರೆಗೆ ಬಂದಿದ್ದೆ. ಝರಾಸಂಗದಿಂದ ಕೊಹೀರಿನ ತನಕ ವೈರಿಂಗ್ ಅಂದರೆ ಕಾಶಿನಾಥ ಕಾಕಾ ಎಂಬ ಹೆಸರಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನಿ, ಈ ಕೆಲಸ ಮಾಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಆದರೂ ಆ ಹೆಸರು ತಲೆಗೆ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಶ್ರಾವಣ ಮುಗಿದ ಮೇಲಿನ ಒಂದು ಸೋಮವಾರ ಸಿದ್ಧಾರ್ಥ ಬಂದ. ನಾರಾಯಣಖೇಡದ ಹುಡುಗ, ಇಪ್ಪತ್ತೆಂಟು ವರ್ಷ, ಅಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ. ಅರ್ಧ ತಾಸು ಕಾಯಿಸಿ ಎದ್ದು, "ಮಾಫ್ ಮಾಡಪಾ, ತಡ ಆತು" ಅಂದೆ. ಅವನ ಹಿಂದೆ ನಿಂತಿದ್ದು ಕಪ್ಪು ಬಣ್ಣದ ಸ್ಪೋರ್ಟ್ ಬೈಕು. ಹೈದರಾಬಾದಿನ ದಲ್ಲಾಳಿಯೊಬ್ಬನಿಂದ ನಾಲ್ಕು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಬಣ್ಣ ಮಾತ್ರ ಹೊಸತು.

ಎಂಟು ದಿನಕ್ಕೆ ಅವನು ಚೆನ್ನೈ ಕಡೆಯ ರೇಸ್ ಟ್ರ್ಯಾಕಿಗೆ ಹೋಗುವವನಿದ್ದ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ತಮ್ಮ ಗಾಡಿಯನ್ನು ಅಲ್ಲಿ ಒಂದು ದಿನ ಓಡಿಸಬಹುದಂತೆ. ಅದಕ್ಕಾಗಿ ಅವನಿಗೆ ಎರಡು ಕೆಲಸ ಆಗಬೇಕಿತ್ತು. ಒಂದು, ಕ್ವಿಕ್‌ಶಿಫ್ಟರ್. ಗೇರ್ ಕಡ್ಡಿಗೆ ಒಂದು ಸೆನ್ಸರ್ ಹಾಕುತ್ತೇವೆ. ಕಾಲಿನಿಂದ ಒತ್ತಿದ ಕ್ಷಣ ಅದು ಎಂಜಿನ್ನಿನ ಕಿಡಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸುತ್ತದೆ, ಕ್ಲಚ್ ಹಿಡಿಯದೆ ಗೇರ್ ಬೀಳುತ್ತದೆ. ಎರಡು, ಹೊಸ ಮ್ಯಾಪ್. ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಎಂದು ಎಂಜಿನ್ನಿಗೆ ಹೇಳುವ ಅಂಕಿಗಳ ಕೋಷ್ಟಕಕ್ಕೆ ನಮ್ಮಲ್ಲಿ ಮ್ಯಾಪ್ ಅನ್ನುತ್ತಾರೆ.

"ಇನ್ನೊಂದು ಅದರಿ ಕಾಕಾ," ಅಂದ ಹುಡುಗ, ಆಚೀಚೆ ನೋಡಿ. "ನೂರಾಹತ್ತು ದಾಟಿಸಾಕ ಹೋದ್ರ ಗಾಡಿ ಹಿಂದ ಸರೀತದ. ಮಿಸ್ ಹೊಡಿಯಲ್ಲ, ಜರ್ಕ್ ಇಲ್ಲ. ಯಾರೋ ಹಿಂದಿನ ಸೀಟಿನ ಮ್ಯಾಲೆ ಕುಂತು ಹೆಗಲ ಮ್ಯಾಲೆ ಕೈ ಇಟ್ಟಂಗ ಆಗ್ತದರಿ. ಅವ್ವ ನಿಂಬಿಹಣ್ಣ ಕಟ್ಟ್ಯಾಳ."

ನೋಡಿದರೆ ನಿಜವಾಗಿಯೂ ಹೆಡ್‌ಲೈಟಿನ ಕೆಳಗೆ ಬಾಡಿದ ನಿಂಬೆಹಣ್ಣು. ನನಗೆ ನಗು ತಡೆಯಲಾಗಲಿಲ್ಲ. "ಏ ತಮ್ಮಾ, ರಕ್ತ ಪರೀಕ್ಷಾ ಮಾಡಾಂವ ನೀ, ದೆವ್ವ ಅಂತೀ? ದೆವ್ವಕ್ಕ ಪೆಟ್ರೋಲ್ ಪಂಪ್ ಹಿಡ್ಯಾಕ ಬರ್ತದೇನು? ಬಿಟ್ಟು ಹೋಗು, ಗುರುವಾರ ಬಾ."

ಮಂಗಳವಾರ ಸೀಟು ಬಿಚ್ಚಿದೆ. ಕೆಳಗೆ, ಬ್ಯಾಟರಿಯ ಹಿಂದಿನ ಸಂದಿನಲ್ಲಿ, ಮುಖ ಒರೆಸುವ ಬಿಳಿ ದಸ್ತಿಯೊಂದರಲ್ಲಿ ಸುತ್ತಿದ ಗಂಟು. ದಸ್ತಿಯನ್ನು ಒಗೆದು ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಹಾಕಿದ್ದರು. ಬಿಚ್ಚಿದರೆ ಅತ್ತರಿನ ವಾಸನೆ. ಗ್ರೀಸು, ಆ್ಯಸಿಡ್ಡು, ಸುಟ್ಟ ರಬ್ಬರಿನ ವಾಸನೆಯೇ ಇರಬೇಕಾದ ಜಾಗದಲ್ಲಿ ಅತ್ತರು! ಒಳಗೆ ಇದ್ದದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಫ್ಯುಯೆಲ್ ಕಂಟ್ರೋಲರ್ ಡಬ್ಬಿ. ಕಂಪನಿಯ ಕಂಪ್ಯೂಟರಿಗೂ ಎಂಜಿನ್ನಿಗೂ ನಡುವೆ ಕೂತು ಪೆಟ್ರೋಲಿನ ಅಳತೆ ತಿದ್ದುವ ಸಾಧನ ಅದು. ಸಿದ್ಧಾರ್ಥನಿಗೆ ಫೋನ್ ಮಾಡಿದೆ. ಅಂಥದ್ದೊಂದು ತನ್ನ ಗಾಡಿಯಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಲ್ಯಾಪ್‌ಟಾಪ್ ಜೋಡಿಸಿದೆ. ಆ ಡಬ್ಬಿಯಲ್ಲಿ ಮ್ಯಾಪ್ ಇಡಲು ಎರಡು ಖಾನೆ ಇರುತ್ತವೆ, ಹೆಸರಿಗೆ ಇಂಗ್ಲಿಷಿನ ಮೂರೇ ಅಕ್ಷರದ ಜಾಗ. ಮೊದಲ ಖಾನೆಯಲ್ಲಿದ್ದ ಹೆಸರು ಎಂ ಎ ಎಫ್. ನಮ್ಮ ಕಸುಬಿನವರಿಗೆ ಅದು ಮಾಸ್ ಏರ್ ಫ್ಲೋ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್. ಅದು ಕಾರುಗಳಲ್ಲಿರುತ್ತದೆ. ಈ ಬೈಕಿನಲ್ಲಿ ಅದು ಇಲ್ಲವೇ ಇಲ್ಲ. ಫೈಲ್ ತೆರೆದರೆ ನೂರಾಹತ್ತು ಕಿಲೋಮೀಟರ್ ವೇಗದ ಆಚೆ ಕೋಷ್ಟಕದ ಎಲ್ಲ ಮನೆಗಳಲ್ಲೂ ಮೈನಸ್ ಅಂಕಿ, ಅಂದರೆ ಪೆಟ್ರೋಲ್ ಕಡಿತ. ಮೊದಲು ಎರಡು, ಆಮೇಲೆ ಐದು, ಆಮೇಲೆ ಒಂಬತ್ತು, ಹೀಗೆ ಹದವಾಗಿ ಇಳಿದಿತ್ತು.

ಸಿಕ್ಕಿತಲ್ಲ ದೆವ್ವ ಎಂದು ತೊಡೆ ತಟ್ಟಿಕೊಂಡೆ. ಯಾರೋ ಅರೆಬೆಂದ ಮೆಕ್ಯಾನಿಕ್ಕು ಕಾರಿನ ಕೋಷ್ಟಕ ತಂದು ಬೈಕಿಗೆ ಸುರಿದಿದ್ದಾನೆ ಎಂದುಕೊಂಡೆ. ಅಷ್ಟು ಹದವಾಗಿ ಅಂಕಿ ಇಳಿಸಿದವನು ಅರೆಬೆಂದವನು ಹೇಗಾದಾನು ಎಂದು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಮೂವತ್ತೊಂದು ವರ್ಷದ ಸೊಕ್ಕು, ಯೋಚಿಸಲಿಲ್ಲ. ಫೈಲ್ ಅಳಿಸಿ ನನ್ನದೇ ಮ್ಯಾಪ್ ಬರೆದೆ. ಎರಡನೆಯ ಖಾನೆ ತೆರೆದು ನೋಡಲೂ ಇಲ್ಲ. ಆ ಖಾನೆಗೆ ಬದಲಾಯಿಸುವ ಹಸಿರು ವೈರು ಯಾವುದಕ್ಕೂ ಜೋಡಿಸದೆ, ತುದಿಗೆ ಟೇಪು ಸುತ್ತಿಸಿಕೊಂಡು ಬಿದ್ದಿತ್ತು. ಅದು ಲೋಹಕ್ಕೆ ತಾಗಿದರೆ ಮಾತ್ರ ಎರಡನೆಯದು ಚಾಲೂ ಆಗುತ್ತದೆ. ಕ್ವಿಕ್‌ಶಿಫ್ಟರ್ ಕೂರಿಸಿ, ಡಬ್ಬಿಯನ್ನು ಅದೇ ದಸ್ತಿಯಲ್ಲಿ ಸುತ್ತಿ ಇಟ್ಟೆ. ಯಾಕೋ ಅದನ್ನು ಎಸೆಯಲು ಮನಸ್ಸಾಗಲಿಲ್ಲ.

ಬುಧವಾರ ಮಧ್ಯಾಹ್ನ ಹನ್ನೆರಡೂವರೆ. ನನ್ನ ಕೈಯಿಂದ ಹೊರಟ ಗಾಡಿಯನ್ನು ನಾನು ಓಡಿಸದೆ ಗಿರಾಕಿಗೆ ಕೊಡುವುದಿಲ್ಲ. ನಾರಾಯಣಖೇಡದ ದಾರಿಯಲ್ಲಿ ಎರಡೂ ಕಡೆ ಕಬ್ಬು ಬೆಳೆದ ನೇರ ರಸ್ತೆಯೊಂದಿದೆ. ಆ ಹೊತ್ತಿಗೆ ಅಲ್ಲಿ ನರಪಿಳ್ಳೆ ಇರಲಿಲ್ಲ, ಗಾಳಿಯೂ ನಿಂತಿತ್ತು. ಗೇರುಗಳು ಬೆಣ್ಣೆಯಂತೆ ಬಿದ್ದವು. ನೂರಾಹತ್ತು ದಾಟಿತು, ಯಾವ ಕೈಯೂ ಹೆಗಲ ಮೇಲೆ ಬರಲಿಲ್ಲ. ಹೆಲ್ಮೆಟ್ಟಿನೊಳಗೇ ನಕ್ಕೆ. ನೂರಾ ಇಪ್ಪತ್ತು. ನೂರಾ ಇಪ್ಪತ್ತೆಂಟು.

ಆಗ ಹ್ಯಾಂಡಲ್ ಸಣ್ಣಗೆ ನಡುಗಿತು. ಮರುಕ್ಷಣ ಎರಡೂ ಕಡೆ ಬಡಿದುಕೊಳ್ಳತೊಡಗಿತು, ಮೊಣಕೈ ಕಿತ್ತು ಬರುವ ಹಾಗೆ. ಇಂಥ ಹೊತ್ತಿನಲ್ಲಿ ಬ್ರೇಕ್ ಹಿಡಿದರೂ ಬೀಳುತ್ತೀರಿ, ಆಕ್ಸಿಲರೇಟರ್ ತಟ್ಟನೆ ಬಿಟ್ಟರೂ ಬೀಳುತ್ತೀರಿ. ಹದವಾಗಿ ವೇಗ ಇಳಿಯಬೇಕು, ಅದೊಂದೇ ದಾರಿ. ಅದು ನನಗೆ ಗೊತ್ತಿತ್ತು. ಆದರೆ ಭಯಕ್ಕೆ ಮುಷ್ಟಿ ಕಲ್ಲಾಗಿ ಆಕ್ಸಿಲರೇಟರನ್ನು ಪೂರ್ತಿ ತಿರುವಿಯೇ ಹಿಡಿದಿದ್ದೆ. ಹೆಂಡತಿ ಮಧ್ಯಾಹ್ನದ ಊಟಕ್ಕೆ ಕಾಯುತ್ತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ ಬಂದದ್ದು.

ಆಗ ಎಂಜಿನ್ನಿನ ಸದ್ದು ತಗ್ಗಿತು. ನಾನು ತಗ್ಗಿಸಲಿಲ್ಲ, ಅದಾಗಿಯೇ ತಗ್ಗಿತು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ಎಡ ಹೆಗಲ ಮೇಲೆ ಭಾರವಾದದ್ದು ಕೂತಂತಾಯಿತು. ಅತ್ತರಿನ ವಾಸನೆ ಬಂತು. ಆ ವೇಗದಲ್ಲಿ, ಮುಖ ಮುಚ್ಚಿದ ಹೆಲ್ಮೆಟ್ಟಿನೊಳಗೆ, ಸೀಟಿನ ಕೆಳಗಿನ ಬಟ್ಟೆಯ ವಾಸನೆ ಬರಲು ಸಾಧ್ಯವಿಲ್ಲ. ಬಂತು. ವೇಗ ನೂರಕ್ಕೆ ಇಳಿದಾಗ ಹ್ಯಾಂಡಲ್ ತಾನೇ ಸುಮ್ಮನಾಯಿತು. ರಸ್ತೆಯ ಬದಿಗೆ ನಿಲ್ಲಿಸಿ, ಕಬ್ಬಿನ ಬದುವಿನ ಮೇಲೆ ಕೂತು, ಎಷ್ಟೋ ಹೊತ್ತು ಹಿಂದಿನ ಸೀಟನ್ನೇ ನೋಡಿದೆ.

ಗಾಡಿಯನ್ನು ಟ್ರಾಲಿಯಲ್ಲಿ ಹೇರಿಸಿ ತಂದೆ. ಓಡುವಾಗ ನಡೆದದ್ದನ್ನೆಲ್ಲ ಡಬ್ಬಿ ದಾಖಲೆ ಮಾಡಿಟ್ಟುಕೊಳ್ಳುತ್ತದೆ. ನೋಡಿದರೆ ನೂರಾ ಇಪ್ಪತ್ತೆಂಟರವರೆಗೆ ಚಾಲೂ ಇದ್ದದ್ದು ನನ್ನ ಮ್ಯಾಪ್. ಆ ಕ್ಷಣದಿಂದ ಮುಂದೆ ಎರಡನೆಯ ಖಾನೆ. ಅದರ ಹೆಸರೂ ಎಂ ಎ ಎಫ್. ಅಂಕಿಗಳೂ ನಾನು ಅಳಿಸಿದವೇ. ಸೀಟು ಬಿಚ್ಚಿ ಹಸಿರು ವೈರು ನೋಡಿದೆ. ನಡುಕಕ್ಕೆ ಟೇಪು ಹರಿದು ಲೋಹಕ್ಕೆ ತಾಗಿರಬೇಕು, ಇನ್ನೇನು? ಟೇಪು ಹರಿದಿರಲಿಲ್ಲ. ಸುತ್ತಿದ್ದು ಸುತ್ತಿದಂತೆಯೇ ಇತ್ತು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಅಳೆದೆ. ಮುಂಗಾಲಿ ಒಂಬತ್ತು ಮಿಲಿಮೀಟರ್ ಆಚೆ! ಗಾಡಿಯ ಎಲುಬಾದ ಚೌಕಟ್ಟೇ ಬಾಗಿದ್ದನ್ನು ಒತ್ತಿ ನೆಟ್ಟಗೆ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ನಿಧಾನಕ್ಕೆ ಹೋದರೆ ಗೊತ್ತಾಗದು. ಈ ಗಾಡಿಯನ್ನು ಟ್ರ್ಯಾಕಿಗೆ ಒಯ್ದಿದ್ದರೆ ಸಿದ್ಧಾರ್ಥ ಮೊದಲ ಸುತ್ತಿನಲ್ಲೇ ಹೋಗುತ್ತಿದ್ದ. ಅವನನ್ನು ಉಳಿಸುತ್ತಿದ್ದ ಒಂದೇ ಒಂದು ವಸ್ತುವನ್ನು ನಾನು ನಗುನಗುತ್ತ ಅಳಿಸಿದ್ದೆ.

ಗುರುವಾರ ಬಂದ ಹುಡುಗನಿಗೆ ಎಲ್ಲ ಹೇಳಿದೆ. ಅವನು ಬಿಳಿಚಿಕೊಂಡು, "ಇದನ್ನ ಯಾರ್ ಹಾಕ್ಯಾರ ನೋಡಬೇಕ್ರಿ ಕಾಕಾ" ಅಂದ. ಆರ್‌ಸಿಯಲ್ಲಿ ಹಳೆಯ ಮಾಲೀಕರ ಊರು ತಾಂಡೂರು ಎಂದಿತ್ತು. ಡಬ್ಬಿ ಬಿಚ್ಚಿ ದಸ್ತಿ ಸಮೇತ ಚೀಲಕ್ಕೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಇಬ್ಬರೂ ಹೋದೆವು. ಈ ಕೆಲಸ ಮಾಡುವವರು ಅಲ್ಲೂ ಒಬ್ಬರೇ. ಕಲ್ಲಿನ ಪಾಲಿಶ್ ಯಂತ್ರಗಳು ಕಿರ್ರೆನ್ನುವ ಬೀದಿಯಲ್ಲಿ, ಬಿಳಿ ಧೂಳು ಕೂತ ಸಣ್ಣ ಅಂಗಡಿ. ಯಾಕೂಬ ಭಾಯ್ ಎಂಬ, ನನ್ನದೇ ವಯಸ್ಸಿನ ಮನುಷ್ಯ.

ಚೀಲದಿಂದ ಗಂಟು ತೆಗೆದು ಮೇಜಿನ ಮೇಲಿಟ್ಟೆ. ಅವರು ಡಬ್ಬಿಯನ್ನು ಮುಟ್ಟಲಿಲ್ಲ, ದಸ್ತಿಯನ್ನು ಮುಟ್ಟಿದರು. "ನಮ್ಮ ಸಮೀರಂದು," ಅಂದರು. ಸಮೀರ ಅವರ ಅಕ್ಕನ ಮಗ. ಬೈಕು ಅವನದು. ವೇಗ ಬೇಕು ಮಾಮೂ ಎಂದು ಹಟ ಹಿಡಿದಾಗ ಡಬ್ಬಿ ಹಾಕಿ, ಮ್ಯಾಪ್ ಬರೆದು ಕೊಟ್ಟವರು ಇವರೇ. ಹದಿನೇಳನೆಯ ದಿನಕ್ಕೆ ಹುಡುಗ ತಿರುವಿನಲ್ಲಿ ಹೋಗಿಬಿಟ್ಟ.

"ಭಾವ ನನ್ನ ಮುಖ ನೋಡಂಗಿಲ್ರಿ. ಗಾಡಿ ಎಲ್ಲೋ ಸೀದಾ ಮಾಡಿಸಿದ್ರು, ದಲ್ಲಾಳಿ ಒಯ್ಯೋ ತನಕ ಒಂದು ವಾರ ನನ್ನ ಅಂಗಡಿ ಮುಂದ ನಿಲ್ಲಿಸಿದ್ರು. ಸರಿ ಇಲ್ಲ, ಮಾರಬ್ಯಾಡ್ರಿ ಅಂದೆ. ಹುಡುಗನ್ನ ಕೊಂದಾಂವ ನಂಗ ಬುದ್ಧಿ ಹೇಳ್ತಿ ಏನು ಅಂದ್ರು. ನೂರಾಹತ್ತರ ಮ್ಯಾಲೆ ಪೆಟ್ರೋಲ್ ಕಡಿಯೋದು, ನನ್ನ ಕೈಯಾಗ ಇದ್ದದ್ದು ಇದೊಂದೇ ಕೆಲಸ, ಮಾಡ್ದೆ."

ನಾನು ನಾಚಿಕೊಂಡೇ ಹೇಳಿದೆ: "ಹೆಸರ ನೋಡಿ ಮಾಸ್ ಏರ್ ಫ್ಲೋ ಅಂತ ತಿಳ್ಕೊಂಡೆರಿ, ಯಾಕೂಬ ಭಾಯ್. ಕಾರಿಂದು ತಂದು ಹಾಕ್ಯಾರಂತ ಅಳಿಸಿಬಿಟ್ಟೆ."

ಅವರು ನನ್ನನ್ನು ದಿಟ್ಟಿಸಿದರು. "ಸಾಬ್, ಅದು ಮಾಫ್. ಮೂರೇ ಅಕ್ಷರ ಹಿಡೀತಿತ್ತು, ಹಂಗ ಬರ್ದೆ. ಮಾಫ್."

ಅಯ್ಯೋ ಶಿವನೇ! ದಿನಕ್ಕೆ ಹತ್ತು ಸಲ ಮಾಫ್ ಮಾಡ್ರಿ ಅನ್ನುವ ಬಾಯಿ ನನ್ನದು. ಸಿದ್ಧಾರ್ಥ ಬಂದ ದಿನವೂ ಅದನ್ನೇ ಅಂದಿದ್ದೆ. ಲ್ಯಾಪ್‌ಟಾಪಿನ ಮುಂದೆ ಕೂತೊಡನೆ ನನ್ನ ಮನೆಮಾತು ನನಗೇ ಓದಲು ಬರಲಿಲ್ಲ.

"ಎರಡೂ ಖಾನೆದಾಗ ಯಾಕ ಬರದ್ರಿ?" ಎಂದು ಕೇಳಿದೆ.

"ಇಬ್ಬರಿಗೆ ಮಾಫಿ ಕೇಳೋದಿತ್ತಲ್ರಿ. ಮುಂದ ಓಡ್ಸಾಕ ಬರಾಂವಗ ಒಂದು. ಸತ್ತಾಂವಗ ಒಂದು." ಆಮೇಲೆ ಅವರು ಸಿದ್ಧಾರ್ಥನನ್ನು ನೋಡಿದರು. ಆ ಗಾಡಿ ಓಡಿಸುತ್ತಿದ್ದವನು ಈ ಹುಡುಗನೇ ಎಂದು ಅವರಿಗೆ ಆಗ ಹೊಳೆಯಿತು. ಎದ್ದು ನಿಂತು ಎರಡೂ ಕೈ ಜೋಡಿಸಿದರು. ಹುಡುಗ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡು, "ಬಿಡ್ರಿ ಚಾಚಾ, ಹಂಗ ಮಾಡಬ್ಯಾಡ್ರಿ. ನಾಲ್ಕ ತಿಂಗಳ ನನ್ನ ಬದುಕ್ಸೀರಿ ನೀವು" ಎಂದ. ಇಬ್ಬರೂ ಅತ್ತರು. ನಾನು ಹೊರಗಿನ ಕಲ್ಲುಗಳನ್ನು ನೋಡುತ್ತ ನಿಂತೆ.

ಕಣ್ಣು ಒರೆಸಿಕೊಂಡು ಯಾಕೂಬ ಭಾಯ್ ಕೇಳಿದರು: "ಯಾವ್ದು ಅಳಿಸಿದ್ರಿ ಸಾಬ್?"

"ಮೊದಲ್ನೇದು."

"ಅದು ಬರಾಂವಂದು."

ಹಾಗಾದರೆ ಕಬ್ಬಿನ ರಸ್ತೆಯಲ್ಲಿ ಚಾಲೂ ಆದದ್ದು ಸತ್ತವನದು. ಅಲ್ಲಿ ಗಾಡಿ ತಾನೇ ತಗ್ಗಿದ್ದನ್ನೂ ಟೇಪು ಹರಿದಿರದ ವೈರಿನ ಮಾತನ್ನೂ ಅವರಿಗೆ ಹೇಳಿದೆ. ಡಬ್ಬಿ ತಾನೇ ಖಾನೆ ಬದಲಿಸಬಹುದೇ ಎಂದು ಕೇಳಿದೆ. ಬದಲಿಸುವುದಿಲ್ಲ ಎಂದರು. ಇಂದಿಗೂ ನನಗೆ ಅದಕ್ಕೆ ಕಾರಣ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದನ್ನು ಆ ದಿನದಿಂದ ಕಲಿತಿದ್ದೇನೆ.

ಸಿದ್ಧಾರ್ಥ ಟ್ರ್ಯಾಕಿಗೆ ಹೋಗಲಿಲ್ಲ. ಗಾಡಿಯ ಚೌಕಟ್ಟನ್ನು ಮುಂದಿನ ವಾರ ನನ್ನ ಗ್ಯಾರೇಜಿನಲ್ಲೇ, ಅವನೆದುರಿಗೇ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿದೆವು, ಇನ್ನಾರಿಗೂ ಬಣ್ಣ ಬಳಿದು ಮಾರಲಾಗದಂತೆ. ಈಗ ನನ್ನ ಬಳಿ ಯಾವ ಬೈಕು ಬಂದರೂ ಮೊದಲು ದಾರ ಹಿಡಿಯುತ್ತೇನೆ, ಆಮೇಲೆ ಲ್ಯಾಪ್‌ಟಾಪು. ನನಗೆ ಅರ್ಥವಾಗದ ಅಂಕಿ ಕಂಡರೆ ಬರೆದವನನ್ನು ಹುಡುಕಿ ಕೇಳುತ್ತೇನೆ. ಬರೆದವನು ಸಿಗದಿದ್ದರೆ ಹಾಗೆಯೇ ಬಿಡುತ್ತೇನೆ. ನನಗೆ ಅರ್ಥವಾಗಲಿಲ್ಲ ಎಂದಮಾತ್ರಕ್ಕೆ ಅದು ತಪ್ಪಲ್ಲ ಎಂಬಷ್ಟನ್ನು ಈ ಕಸುಬು ಮೂವತ್ತೊಂದು ವರ್ಷ ತಡವಾಗಿ ಕಲಿಸಿತು.

ಆ ದಿನ ತಾಂಡೂರಿನಿಂದ ಹೊರಡುವಾಗ ಡಬ್ಬಿಯನ್ನೂ ದಸ್ತಿಯನ್ನೂ ಅವರ ಕೈಗೇ ಕೊಟ್ಟೆ. ಎರಡನೆಯದನ್ನೂ ಅಳಿಸಿ ಕೊಡಲೇ, ಇನ್ನು ಅದಕ್ಕೆ ಕೆಲಸವಿಲ್ಲವಲ್ಲ ಎಂದು ಕೇಳಿದೆ.

"ಬ್ಯಾಡ್ರಿ," ಅಂದರು ಯಾಕೂಬ ಭಾಯ್. "ಅಂವ ಇನ್ನಾ ಮಾಫ್ ಮಾಡ್ಯಾನೋ ಇಲ್ಲೋ, ನಂಗೇನ ಗೊತ್ತು?"

ದೆವ್ವಕ್ಕೆ ಪೆಟ್ರೋಲ್ ಪಂಪ್ ಹಿಡಿಯಲು ಬರುತ್ತದೇನು ಎಂದು ನಕ್ಕವನು ನಾನು. ಎಡ ಹೆಗಲು ಮುಟ್ಟಿಕೊಂಡು ಹೇಳಿದೆ: "ಮಾಡ್ಯಾನ್ರಿ, ಯಾಕೂಬ ಭಾಯ್. ಗಾಡಿ ಮ್ಯಾಲೆ ನಾ ಇದ್ದೆ."